ಕಾರ್ಡ್ ಪ್ರಿಂಟ್ ಮಾಡುವ ಮೊದಲು ಓದಿ: ಸಣ್ಣ ಕಾರ್ಖಾನೆಯಲ್ಲಿ ಕಾನ್‌ಬಾನ್ ಪುಲ್ ಪದ್ಧತಿ ಜಾರಿಗೆ ತರುವ ಸಮಗ್ರ ಮಾರ್ಗದರ್ಶಿ

ತುಮಕೂರಿನ ವಸಂತನರಸಾಪುರ, ಅಂತರಸನಹಳ್ಳಿ, ಹಿರೇಹಳ್ಳಿ ಕಡೆಯ ಶೆಡ್‌ಗಳಲ್ಲಿ ಒಂದೇ ಕಥೆ ಮತ್ತೆ ಮತ್ತೆ ಕಾಣಿಸುತ್ತದೆ. ಕಸ್ಟಮರ್ ಆಡಿಟ್ ಬರುತ್ತದೆ ಅಂತ ಬಣ್ಣಬಣ್ಣದ ಕಾರ್ಡ್ ಪ್ರಿಂಟ್ ಆಗುತ್ತದೆ, ಲ್ಯಾಮಿನೇಷನ್ ಆಗುತ್ತದೆ, ಗೋಡೆಗೆ ಒಂದು ಬೋರ್ಡ್ ಬರುತ್ತದೆ. ಆಡಿಟ್ ಮುಗಿದು ಕೆಲವು ವಾರ ಕಳೆದರೆ ಕಾರ್ಡೆಲ್ಲ ಧೂಳು ಹಿಡಿದು ಅಲ್ಲೇ ನೇತಾಡುತ್ತಿರುತ್ತವೆ. ಪ್ರೆಸ್ ಆಪರೇಟರ್ ಮೊದಲಿನ ಹಾಗೇ ಸೂಪರ್‌ವೈಸರ್ ಬೆಳಿಗ್ಗೆ ಹೇಳಿದ್ದನ್ನು ಓಡಿಸುತ್ತಿರುತ್ತಾರೆ, ರ‍್ಯಾಕ್‌ನಲ್ಲಿ ಬೇಡದ ಪಾರ್ಟ್ ಬೆಟ್ಟದಷ್ಟು, ಬೇಕಾದ ಪಾರ್ಟ್ ಒಂದೂ ಇಲ್ಲ.

ಬಹಳ ಸಲ ಕಾರಣ ಒಂದೇ. ಕೆಲಸವನ್ನು ತಲೆಕೆಳಗು ಕ್ರಮದಲ್ಲಿ ಮಾಡಿರುತ್ತಾರೆ. ಕೊನೆಗೆ ಮಾಡಬೇಕಾದ ಕಾರ್ಡನ್ನು ಮೊದಲು ಮಾಡಿ, ಮೊದಲು ಮಾಡಬೇಕಾದ ಬಿನ್ ಎಣಿಕೆ, ಲೀಡ್ ಟೈಮ್ (ಕೇಳಿದ ಮಾಲು ಬಂದು ಸೇರಲು ಹಿಡಿಯುವ ಹೊತ್ತು) ಅಳತೆ, ಡಿಸ್ಪ್ಯಾಚ್ ಸಮ ಮಾಡುವ ಕೆಲಸವನ್ನು ಬಿಟ್ಟೇ ಬಿಟ್ಟಿರುತ್ತಾರೆ. ಅದಕ್ಕೇ ಇಲ್ಲಿ ಇತಿಹಾಸ, ಗುಣಗಾನ ಎಲ್ಲ ಬಿಟ್ಟು ನೇರ ಕ್ರಮಕ್ಕೆ ಬರುತ್ತೇನೆ.

ಪುಲ್ ಅಂದರೆ ಇಷ್ಟೇ: ಮುಂದಿನ ವಿಭಾಗ ಮಾಲು ತೆಗೆದುಕೊಂಡರೆ ಮಾತ್ರ ಹಿಂದಿನ ವಿಭಾಗ ಅಷ್ಟನ್ನೇ ಮತ್ತೆ ಮಾಡುತ್ತದೆ. ತೆಗೆದುಕೊಂಡ ಸುದ್ದಿಯನ್ನು ಹಿಂದಕ್ಕೆ ಒಯ್ಯುವುದು ಕಾನ್‌ಬಾನ್ ಕಾರ್ಡ್. ಕಾರ್ಡ್ ಬಂದಿಲ್ಲ ಅಂದರೆ ಮಾಡುವ ಹಾಗಿಲ್ಲ. ಈ ಕೊನೆಯ ಮಾತು ಕೇಳಲು ಸುಲಭ, ಪಾಲಿಸಲು ಬಹಳ ಕಷ್ಟ.

## ಏನೇನು ಬೇಕು

ಒಂದೇ ಅಳತೆಯ ಪ್ಲಾಸ್ಟಿಕ್ ಬಿನ್‌ಗಳು, ಒಂದು ನೋಟ್‌ಬುಕ್, ಗಡಿಯಾರ, ಗಟ್ಟಿ ಕಾಗದ, ನೆಲಕ್ಕೆ ಹಾಕುವ ಹಳದಿ ಬಣ್ಣ ಅಥವಾ ಟೇಪ್, ಮೊಳೆ ಹೊಡೆದ ಒಂದು ಪ್ಲೈವುಡ್ ಹಲಗೆ, ಕಾರ್ಡ್ ಹಾಕಲು ಒಂದು ಡಬ್ಬಿ. ಅಷ್ಟು ಸಾಕು. ಸಾಫ್ಟ್‌ವೇರ್, ಕ್ಯೂಆರ್ ಕೋಡ್, ಟಿವಿ ಪರದೆ ಯಾವುದೂ ಈಗ ಬೇಡ.

ದುಡ್ಡು ಕೊಟ್ಟು ತರಲಾಗದ ಒಂದು ಸಾಮಾನೂ ಬೇಕು, ಅದು ಮಾಲೀಕರ ಒಪ್ಪಿಗೆ. ಕಾರ್ಡ್ ಇಲ್ಲದ ಹೊತ್ತಲ್ಲಿ ಮೆಷಿನ್ ಸುಮ್ನೆ ನಿಂತಿರುತ್ತದೆ, ಅದನ್ನು ನೋಡಿ ಕೂಗಾಡಬಾರದು ಅಂತ ಮೊದಲೇ ಮಾತಾಡಿಕೊಳ್ಳಿ. ಈ ಮಾತು ಆಗದೆ ಶುರು ಮಾಡಿದರೆ ಒಂದನೇ ಹಂತಕ್ಕೂ ಹೋಗಬೇಡಿ, ಸಮಯ ವ್ಯರ್ಥ.

## ಹಂತ 1: ಒಂದೇ ಲೂಪ್ ಆರಿಸಿ

ಇಡೀ ಕಾರ್ಖಾನೆಗೆ ಒಂದೇ ಸಲ ಹಾಕಬೇಡಿ. ಒಬ್ಬರು ಮಾಡುವವರು, ಒಬ್ಬರು ಬಳಸುವವರು, ನಡುವೆ ಒಂದು ರ‍್ಯಾಕ್. ಇದು ಒಂದು ಲೂಪ್. ಇದನ್ನು ಕಸ್ಟಮರ್ ಕಡೆಯಿಂದ ಆರಿಸಿ, ಅಂದರೆ ಡಿಸ್ಪ್ಯಾಚ್‌ಗೆ ಹತ್ತಿರದ್ದು. ಪ್ರೆಸ್ ಶಾಪ್‌ನಿಂದ ಶುರು ಮಾಡುವವರೇ ಜಾಸ್ತಿ, ಯಾಕೆಂದರೆ ಅಲ್ಲಿ ಸ್ಟಾಕ್ ಕಣ್ಣಿಗೆ ಹೊಡೆಯುತ್ತದೆ. ಆದರೆ ಮುಂದಿನ ವಿಭಾಗವೇ ಮನಸ್ಸಿಗೆ ಬಂದ ಹಾಗೆ ಎಳೆಯುತ್ತಿದ್ದರೆ ಪ್ರೆಸ್ ಶಾಪ್ ಯಾವ ಲೆಕ್ಕದ ಮೇಲೆ ನಡೆಯಬೇಕು?

ಪಾರ್ಟ್ ಕೂಡ ನೋಡಿ ಆರಿಸಿ. ಪ್ರತಿದಿನ, ಇಲ್ಲವೇ ವಾರದಲ್ಲಿ ಹೆಚ್ಚು ದಿನ ಓಡುವ ಪಾರ್ಟ್ ಬೇಕು. ವರ್ಷಕ್ಕೆ ಎರಡು ಸಲ ಬರುವ ಸ್ಪೇರ್ ಆರ್ಡರ್, ಒಂದೇ ಒಂದು ಪೀಸ್ ಮಾಡುವ ಟೂಲ್ ರೂಮ್ ಕೆಲಸ, ಡ್ರಾಯಿಂಗ್ ಇನ್ನೂ ಬದಲಾಗುತ್ತಿರುವ ಹೊಸ ಪಾರ್ಟ್ ಇವಕ್ಕೆಲ್ಲ ಕಾನ್‌ಬಾನ್ ಬೇಡ. ಅವನ್ನು ಆರ್ಡರ್ ಬಂದಾಗಲೇ ಮಾಡಿ.

ಮುಂದಿನ ಹಂತಗಳಿಗೆಲ್ಲ ಒಂದು ಉದಾಹರಣೆ ಇಟ್ಟುಕೊಳ್ಳೋಣ. ವೆಲ್ಡಿಂಗ್‌ನಿಂದ ಅಸೆಂಬ್ಲಿಗೆ ಹೋಗುವ ಒಂದು ಬ್ರಾಕೆಟ್. ವಾರಕ್ಕೆ 4,800 ಪೀಸ್, ಆರು ದಿನ, ಎರಡು ಷಿಫ್ಟ್. ದಿನಕ್ಕೆ 800, ಕೆಲಸದ 16 ಗಂಟೆಗೆ ಹಂಚಿದರೆ ಗಂಟೆಗೆ 50.

## ಹಂತ 2: ಡಿಸ್ಪ್ಯಾಚ್ ಸಮ ಮಾಡಿ

ಇದನ್ನು ಬಿಡುವವರೇ ಎಲ್ಲರೂ. ವಾರಕ್ಕೆ 4,800 ಬೇಕು ಅಂತ ಶೆಡ್ಯೂಲ್ ಇದೆ, ಆದರೆ ಅಸೆಂಬ್ಲಿಯವರು ಸೋಮವಾರ ಒಂದು ಮಾಡೆಲ್ ಪೂರ್ತಿ ಹೊಡೆದು, ಬುಧವಾರ ಇನ್ನೊಂದು ಹೊಡೆದು, ಈ ಬ್ರಾಕೆಟ್ ಮುಟ್ಟುವುದು ಶುಕ್ರವಾರ. ಆಗ ನಾಲ್ಕು ದಿನ ಒಂದು ಕಾರ್ಡೂ ಅಲ್ಲಾಡುವುದಿಲ್ಲ, ಐದನೇ ದಿನ ಎಲ್ಲ ಕಾರ್ಡ್ ಒಟ್ಟಿಗೆ ಬಂದು ವೆಲ್ಡಿಂಗ್ ಮೇಲೆ ಬೀಳುತ್ತವೆ. ವೆಲ್ಡಿಂಗ್‌ನವರು ಗಾಬರಿಯಾಗಿ ಪ್ರೆಸ್‌ನಿಂದ ಎಳೆಯುತ್ತಾರೆ, ಪ್ರೆಸ್‌ನವರು ಶೀಟ್‌ಗೆ ಓಡುತ್ತಾರೆ. ಹಿಂದಕ್ಕೆ ಹೋದಷ್ಟೂ ಏಟು ದೊಡ್ಡದಾಗುತ್ತದೆ.

ಅದಕ್ಕೆ ಅಸೆಂಬ್ಲಿಯಲ್ಲಿ ಪ್ರತಿ ಮಾಡೆಲ್ ಪ್ರತಿದಿನ ಸ್ವಲ್ಪ ಸ್ವಲ್ಪ ಓಡುವ ಹಾಗೆ ಹಂಚಿ. ದಿನಾ ಆಗದಿದ್ದರೆ ಎರಡು ದಿನಕ್ಕೊಮ್ಮೆ. ಕಸ್ಟಮರ್ ಗಾಡಿ ವಾರಕ್ಕೆ ಎರಡೇ ಸಲ ಬರುತ್ತದಾ? ಪರವಾಗಿಲ್ಲ, ತಯಾರಾದ ಮಾಲನ್ನು ಡಿಸ್ಪ್ಯಾಚ್ ಜಾಗದಲ್ಲಿ ಇಟ್ಟುಕೊಳ್ಳಿ. ಆ ಏರಿಳಿತ ಕೊನೆಯ ಬಾಗಿಲಲ್ಲೇ ನಿಲ್ಲಲಿ, ಒಳಗೆ ಬರಬಾರದು.

ತಿಂಗಳ ಕೊನೆಯ ಓಟದ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ಎಷ್ಟೋ ಕಡೆ 25ನೇ ತಾರೀಖಿನ ನಂತರ ಬಿಲ್ಲಿಂಗ್ ಟಾರ್ಗೆಟ್ ಅಂತ ಎಲ್ಲ ನಿಯಮ ಗಾಳಿಗೆ ಹೋಗುತ್ತವೆ. ಆ ಐದು ದಿನದ ಅವ್ಯವಸ್ಥೆಯನ್ನು ಯಾವ ಕಾರ್ಡೂ ತಡೆಯಲಾರದು. ಮೊದಲು ಅದನ್ನು ತಿಂಗಳ ಮೇಲೆ ಹರಡುವ ಮಾತಾಡಿ.

## ಹಂತ 3: ಬಿನ್ ಮತ್ತು ಎಣಿಕೆ ಗಟ್ಟಿ ಮಾಡಿ

ಒಂದು ಪಾರ್ಟ್‌ಗೆ ಒಂದೇ ಬಗೆಯ ಬಿನ್, ಒಂದೇ ಎಣಿಕೆ. ನಮ್ಮ ಬ್ರಾಕೆಟ್‌ಗೆ 40 ಅಂದುಕೊಳ್ಳಿ. ಯಾವಾಗಲೂ 40. 38 ಇಲ್ಲ, 43 ಇಲ್ಲ, "ಸುಮಾರು ತುಂಬಿದೆ" ಇಲ್ಲ.

ಎಣಿಕೆ ತಾನಾಗಿ ಸರಿ ಬರುವ ಹಾಗೆ ಬಿನ್ ಒಳಗೆ ಅಡ್ಡಪಟ್ಟಿ ಹಾಕಿದರೆ ಉತ್ತಮ, ಐದರ ಎಂಟು ಸಾಲು ಕೂತರೆ ನೋಡಿದ ತಕ್ಷಣ ಗೊತ್ತಾಗುತ್ತದೆ. ಒಬ್ಬರು ಕೈಯಲ್ಲಿ ಎತ್ತುವಷ್ಟೇ ಭಾರ ಇರಲಿ. ಗೋಣಿಚೀಲದಲ್ಲಿ, ಕಬ್ಬಿಣದ ದೊಡ್ಡ ಟ್ರಾಲಿಯಲ್ಲಿ ಸುರಿದಿಟ್ಟ ಮಾಲಿಗೆ ಕಾನ್‌ಬಾನ್ ನಡೆಯುವುದಿಲ್ಲ.

ರಿಜೆಕ್ಷನ್ ಪೀಸ್ ಬಿನ್ ಒಳಗೆ ಹೋಗಬಾರದು. ವೆಲ್ಡಿಂಗ್ ಬೆಂಚ್ ಪಕ್ಕದಲ್ಲೇ ಒಂದು ಕೆಂಪು ಡಬ್ಬಿ ಇಡಿ. 40ರಲ್ಲಿ 3 ಕೆಟ್ಟದ್ದು ಬಂದರೆ ಮುಂದಿನವರ ಪಾಲಿಗೆ ಅದು 37ರ ಬಿನ್, ನಿಮ್ಮ ಲೆಕ್ಕವೆಲ್ಲ ಅಲ್ಲೇ ಹಳ್ಳ ಹಿಡಿಯಿತು.

## ಹಂತ 4: ಲೀಡ್ ಟೈಮನ್ನು ನಿಜವಾಗಿ ಅಳೆಯಿರಿ

ಸೋತವರಲ್ಲಿ ಅರ್ಧ ಮಂದಿ ಸೋಲುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

"ಒಂದು ಬಿನ್ ವೆಲ್ಡ್ ಮಾಡೋಕೆ ಎಷ್ಟು ಹೊತ್ತು ಬೇಕು?" ಅಂತ ಕೇಳಿದರೆ "ಅರ್ಧ ಗಂಟೆ ಸಾರ್" ಅನ್ನುತ್ತಾರೆ. ಸುಳ್ಳೇನಲ್ಲ, ಬೆಂಚ್ ಮೇಲೆ ಆಗುವ ಕೆಲಸ ಅಷ್ಟೇ. ಆದರೆ ನಮಗೆ ಬೇಕಾದ್ದು ಬೇರೆ: ಅಸೆಂಬ್ಲಿಯಲ್ಲಿ ಕಾರ್ಡ್ ಕಳಚಿದ ಕ್ಷಣದಿಂದ ತುಂಬಿದ ಬಿನ್ ವಾಪಸ್ ರ‍್ಯಾಕ್‌ಗೆ ಬರುವವರೆಗೆ ಎಷ್ಟು ಹೊತ್ತು?

ಕಾರ್ಡ್ ಇನ್ನೂ ಮಾಡಿಲ್ಲ, ಸದ್ಯಕ್ಕೆ ಒಂದು ಚೀಟಿಯನ್ನೇ ಕಾರ್ಡ್ ಅಂದುಕೊಂಡು, ನೋಟ್‌ಬುಕ್ ಹಿಡಿದು ಒಂದು ವಾರ ಬರೆಯಿರಿ. ನಮ್ಮ ಬ್ರಾಕೆಟ್‌ಗೆ ಲೆಕ್ಕ ಹೀಗೆ ಬಂತು ಅಂತಿಟ್ಟುಕೊಳ್ಳಿ. ಹೆಲ್ಪರ್ ಎರಡು ಗಂಟೆಗೊಮ್ಮೆ ಕಾರ್ಡ್ ತರುತ್ತಾರೆ, ಆದ್ದರಿಂದ ಡಬ್ಬಿಯಲ್ಲಿ ಕಾಯುವುದು 2 ಗಂಟೆಯವರೆಗೆ. ವೆಲ್ಡಿಂಗ್‌ನಲ್ಲಿ ಬೇರೆ ಪಾರ್ಟ್‌ಗಳ ಹಿಂದೆ ಸರತಿಯಲ್ಲಿ ಒಂದೂವರೆ ಗಂಟೆ. ಫಿಕ್ಸ್ಚರ್ (ವೆಲ್ಡ್ ಮಾಡುವಾಗ ಪಾರ್ಟನ್ನು ಹಿಡಿದಿಡುವ ಚೌಕಟ್ಟು) ಬದಲಿಸಲು ಕಾಲು ಗಂಟೆ. ವೆಲ್ಡಿಂಗ್ ಅರ್ಧ ಗಂಟೆ. ತಣ್ಣಗಾಗಿಸಿ, ಗೇಜ್ ಹಾಕಿ ಅಳತೆ ನೋಡಿ, ರ‍್ಯಾಕ್‌ಗೆ ತರಲು ಮುಕ್ಕಾಲು ಗಂಟೆ. ಒಟ್ಟು 5 ಗಂಟೆ. ವೆಲ್ಡಿಂಗ್ ಅದರಲ್ಲಿ ಹತ್ತನೇ ಒಂದು ಪಾಲು, ಉಳಿದದ್ದೆಲ್ಲ ಹೆಚ್ಚುಕಡಿಮೆ ಕಾಯುವುದೇ.

ಚೆನ್ನಾಗಿ ನಡೆದ ದಿನದ ಲೆಕ್ಕ ಹಿಡಿಯಬೇಡಿ, ಸಾಮಾನ್ಯ ದಿನದ್ದು ಹಿಡಿಯಿರಿ. ಕರೆಂಟ್ ಹೋದ ದಿನ, ಇಬ್ಬರು ರಜೆ ಹಾಕಿದ ದಿನವನ್ನು ಬೇರೆ ಗುರುತು ಮಾಡಿಕೊಳ್ಳಿ, ಮುಂದಿನ ಹಂತದಲ್ಲಿ ಬೇಕಾಗುತ್ತದೆ.

## ಹಂತ 5: ಕಾರ್ಡ್ ಎಷ್ಟು ಅಂತ ಲೆಕ್ಕ ಹಾಕಿ

ಸೂತ್ರ ಸರಳ. ಗಂಟೆಯ ಬಳಕೆಯನ್ನು ಲೀಡ್ ಟೈಮ್‌ನಿಂದ ಗುಣಿಸಿ. ಅದಕ್ಕೆ ಸುರಕ್ಷತೆಯ ಪಾಲು ಸೇರಿಸಿ. ಬಂದದ್ದನ್ನು ಬಿನ್ ಎಣಿಕೆಯಿಂದ ಭಾಗಿಸಿ. ಉಳಿಕೆ ಬಂದರೆ ಮೇಲಕ್ಕೆ ಹಿಡಿಯಿರಿ.

ಗಂಟೆಗೆ 50, 5 ಗಂಟೆ: 250. ಶೇ 20 ಸುರಕ್ಷತೆ ಸೇರಿಸಿದರೆ 300. ಅದನ್ನು 40ರಿಂದ ಭಾಗಿಸಿದರೆ 7.5. ಅಂದರೆ 8 ಕಾರ್ಡ್. ಈ ಬ್ರಾಕೆಟ್ ನಿಮ್ಮ ಲೂಪ್‌ನಲ್ಲಿ ಇನ್ನು ಯಾವತ್ತೂ 320 ಪೀಸ್ ದಾಟುವ ಹಾಗಿಲ್ಲ. ಪೀಸಿಗೆ 60 ರೂಪಾಯಿ ಅಂದುಕೊಂಡರೆ 19,200 ರೂಪಾಯಿ, ಅಷ್ಟೇ ದುಡ್ಡು ಅಲ್ಲಿ ಕೂತಿರುತ್ತದೆ. ಈಗ ನಿಮ್ಮ ರ‍್ಯಾಕ್‌ನಲ್ಲಿ ಎಷ್ಟಿದೆ ಅಂತ ಎಣಿಸಿ ನೋಡಿ, ಬ್ಯಾಂಕಿನ ಓವರ್‌ಡ್ರಾಫ್ಟ್ ಬಡ್ಡಿ ಎಲ್ಲಿಗೆ ಹೋಗುತ್ತಿದೆ ಅಂತ ಗೊತ್ತಾಗುತ್ತದೆ.

ಅದೇ ಲೀಡ್ ಟೈಮ್ "ಅರ್ಧ ಗಂಟೆ" ಅಂತ ಹಿಡಿದಿದ್ದರೆ? 50ರ ಅರ್ಧ 25, ಶೇ 20 ಸೇರಿಸಿ 30, ಒಂದೇ ಕಾರ್ಡ್. ಮೊದಲ ದಿನವೇ ಲೈನ್ ನಿಲ್ಲುತ್ತದೆ. "ಕಾನ್‌ಬಾನ್ ನಮ್ಮಂಥ ಊರಿಗೆ ಆಗಲ್ಲ ಬಿಡಿ" ಅನ್ನುವ ಮಾತು ಹುಟ್ಟುವುದು ಹೀಗೆ.

ಇನ್ನೊಂದು ಲೆಕ್ಕ ನೋಡಿ. ಹೆಲ್ಪರ್ ಎರಡು ಗಂಟೆಗೆ ಬದಲು ಗಂಟೆಗೊಮ್ಮೆ ಕಾರ್ಡ್ ತಂದರೆ ಲೀಡ್ ಟೈಮ್ 4 ಗಂಟೆ ಆಗುತ್ತದೆ. 200, ಸುರಕ್ಷತೆ ಸೇರಿ 240, ಅಂದರೆ 6 ಕಾರ್ಡ್. ಒಂದು ಪೈಸೆ ಖರ್ಚಿಲ್ಲದೆ 80 ಪೀಸ್ ಕಡಿಮೆಯಾಯಿತು.

ಸುರಕ್ಷತೆಯ ಪಾಲು ಎಷ್ಟು ಇಡಬೇಕು ಅನ್ನುವುದಕ್ಕೆ ಮಂತ್ರವೇನಿಲ್ಲ. ನೋಟ್‌ಬುಕ್‌ನಲ್ಲಿ ಗುರುತು ಮಾಡಿದ ಕೆಟ್ಟ ದಿನಗಳು ಜಾಸ್ತಿ ಇದ್ದರೆ ಶುರುವಲ್ಲಿ ಶೇ 30 ಇಡಿ, ಆಮೇಲೆ ಇಳಿಸಿ. ಆದರೆ ಭಯಕ್ಕೆ ಶೇ 100 ಇಟ್ಟರೆ ಹಳೆಯ ರ‍್ಯಾಕ್‌ಗೆ ಕಾರ್ಡ್ ಅಂಟಿಸಿದ ಹಾಗಷ್ಟೇ.

## ಹಂತ 6: ಜಾಗ ಗುರುತು ಮಾಡಿ

8 ಕಾರ್ಡ್ ಅಂದರೆ 8 ಬಿನ್‌ಗೆ ಮಾತ್ರ ಜಾಗ. ಒಂಬತ್ತನೆಯದು ಇಡಲು ಸ್ಥಳವೇ ಇರಬಾರದು. ರ‍್ಯಾಕ್‌ಗೆ ಪಾರ್ಟ್ ಹೆಸರು, ಫೋಟೋ, ವಿಳಾಸ ಬರೆಯಿರಿ: "ಎ ಸಾಲು, 2ನೇ ಅಟ್ಟ, 3ನೇ ಜಾಗ" ಈ ರೀತಿ. ಹಿಂದಿನಿಂದ ತುಂಬಿ ಮುಂದಿನಿಂದ ತೆಗೆಯುವ ಹಾಗೆ ಇರಲಿ, ಸ್ವಲ್ಪ ಇಳಿಜಾರು ಕೊಟ್ಟರೆ ಬಿನ್ ತಾನೇ ಜಾರಿ ಬರುತ್ತದೆ. ಗೋಡೆಗೆ ಆನಿಸಿದ ರ‍್ಯಾಕ್‌ನಲ್ಲಿ ಹಿಂದೆ ಕೂತ ಬಿನ್ ಅಲ್ಲೇ ತುಕ್ಕು ಹಿಡಿಯುತ್ತದೆ, ಮಳೆಗಾಲದಲ್ಲಂತೂ ಕೇಳಲೇಬೇಡಿ.

## ಹಂತ 7: ಈಗ ಕಾರ್ಡ್ ಮಾಡಿ

ಕಾರ್ಡ್ ಮೇಲೆ ಇರಬೇಕಾದ್ದು: ಪಾರ್ಟ್ ಹೆಸರು ಮತ್ತು ನಂಬರ್, ಫೋಟೋ, ಬಿನ್ ಎಣಿಕೆ, ಎಲ್ಲಿ ಮಾಡುವುದು, ಎಲ್ಲಿ ಇಡುವುದು, ಮತ್ತು ಕಾರ್ಡ್ ಕ್ರಮಸಂಖ್ಯೆ, "8ರಲ್ಲಿ 3" ಅಂತ. ಕ್ರಮಸಂಖ್ಯೆ ಇಲ್ಲದಿದ್ದರೆ ಯಾವ ಕಾರ್ಡ್ ಕಳೆದುಹೋಯಿತು ಅಂತ ಹುಡುಕಲು ಆಗುವುದಿಲ್ಲ. ತಾರೀಖು, ಬ್ಯಾಚ್ ನಂಬರ್, ಆಪರೇಟರ್ ಸಹಿ ಇದರ ಮೇಲೆ ಬೇಡ. ಅವು ಬೇರೆ ಟ್ಯಾಗ್‌ಗೆ ಸೇರಿದ್ದು, ಕಾರ್ಡ್ ತಿರುಗುತ್ತಲೇ ಇರುತ್ತದೆ.

ಶಿರಾ, ಗುಬ್ಬಿ, ಕೊರಟಗೆರೆಯಿಂದ ಬರುವವರ ಪಕ್ಕದಲ್ಲೇ ಬಿಹಾರ, ಒಡಿಶಾದ ಹುಡುಗರೂ ನಿಂತು ಕೆಲಸ ಮಾಡುವ ಕಾಲ ಇದು. ಕಾರ್ಡ್ ಬರೀ ಇಂಗ್ಲಿಷಿನಲ್ಲಿ ಇದ್ದರೆ ಇಬ್ಬರಿಗೂ ಕಷ್ಟ. ದೊಡ್ಡ ಫೋಟೋ, ದೊಡ್ಡ ಅಂಕಿ, ವಿಭಾಗಕ್ಕೊಂದು ಬಣ್ಣ ಇದ್ದರೆ ಭಾಷೆಯ ತಂಟೆ ಇಲ್ಲ.

ಒಂದು ಕಾರ್ಡಾ, ಎರಡಾ? ಮಾಡುವವರೂ ಬಳಸುವವರೂ ಒಂದೇ ಶೆಡ್‌ನಲ್ಲಿ, ಒಂದೇ ರ‍್ಯಾಕ್ ಹಂಚಿಕೊಂಡಿದ್ದರೆ ಒಂದು ಸಾಕು. ಅಸೆಂಬ್ಲಿ ಬೇರೆ ಶೆಡ್‌ನಲ್ಲಿ ಇದ್ದರೆ ಎರಡು ಬಗೆ ಬೇಕು. ಒಂದು ತರುವ ಕಾರ್ಡ್, ಇನ್ನೊಂದು ಮಾಡುವ ಕಾರ್ಡ್. ಮಾಲು ತರಲು ಹೋದವರು ಬಿನ್‌ನಲ್ಲಿರುವ ಮಾಡುವ ಕಾರ್ಡನ್ನು ಕಳಚಿ ಅಲ್ಲೇ ಡಬ್ಬಿಗೆ ಹಾಕಿ, ತಮ್ಮ ತರುವ ಕಾರ್ಡ್ ಸಿಕ್ಕಿಸಿಕೊಂಡು ಬರಬೇಕು. ಮೊದಲ ಲೂಪ್‌ಗೆ ಒಂದೇ ಕಾರ್ಡಿನ ಜಾಗ ಆರಿಸಿಕೊಳ್ಳಿ, ತಲೆನೋವು ಕಡಿಮೆ.

## ಹಂತ 8: ಬೋರ್ಡ್ ನಿಲ್ಲಿಸಿ

ಬೋರ್ಡ್ ಇರಬೇಕಾದ್ದು ವೆಲ್ಡಿಂಗ್ ಬೆಂಚ್ ಎದುರಿಗೆ. ಪ್ಲಾನಿಂಗ್ ಆಫೀಸಿನಲ್ಲಿ ಅಲ್ಲ. ಪಾರ್ಟ್‌ಗೆ ಒಂದು ಸಾಲು, ಸಾಲಿಗೆ ಎಂಟು ಮೊಳೆ. ವಾಪಸ್ ಬಂದ ಕಾರ್ಡನ್ನು ಹಸಿರು ಕಡೆಯಿಂದ ನೇತುಹಾಕುತ್ತಾ ಹೋಗಬೇಕು.

ಕೆಂಪು ಎಲ್ಲಿಂದ ಶುರು? ಇದನ್ನು ಅಂದಾಜಿಗೆ ಹಾಕಬೇಡಿ. ಸರತಿ ಎಲ್ಲ ಬಿಟ್ಟು ಈ ಕ್ಷಣವೇ ಕೈಗೆತ್ತಿಕೊಂಡರೂ ಒಂದು ಬಿನ್ ಬರಲು ಫಿಕ್ಸ್ಚರ್, ವೆಲ್ಡಿಂಗ್, ಗೇಜ್ ಸೇರಿ ಒಂದೂವರೆ ಗಂಟೆ ಬೇಕು. ಅಷ್ಟರಲ್ಲಿ ಅಸೆಂಬ್ಲಿ 75 ಪೀಸ್ ಬಳಸುತ್ತದೆ, ಅಂದರೆ ಹತ್ತಿರ ಹತ್ತಿರ ಎರಡು ಬಿನ್. ರ‍್ಯಾಕ್‌ನಲ್ಲಿ ಎರಡೇ ಬಿನ್ ಉಳಿದಾಗ ಬೋರ್ಡ್ ಮೇಲೆ ಆರು ಕಾರ್ಡ್ ಇರುತ್ತವೆ. ಹಾಗಾಗಿ 6, 7, 8ನೇ ಮೊಳೆ ಕೆಂಪು. 4, 5 ಹಳದಿ. 1ರಿಂದ 3 ಹಸಿರು. ಕೆಂಪಿಗೆ ಬಂದದ್ದು ಮೊದಲು, ಉಳಿದದ್ದು ಬಂದ ಕ್ರಮದಲ್ಲಿ.

ಎಂಟೂ ಕಾರ್ಡ್ ಬೋರ್ಡ್ ಮೇಲೆ ಇದ್ದರೆ ರ‍್ಯಾಕ್ ಖಾಲಿ. ಒಂದೂ ಇಲ್ಲದಿದ್ದರೆ ರ‍್ಯಾಕ್ ತುಂಬಿದೆ, ವೆಲ್ಡಿಂಗ್ ನಿಲ್ಲಬೇಕು.

## ಹಂತ 9: ಕಾರ್ಡ್ ಯಾವಾಗ ಕಳಚಬೇಕು ಅನ್ನುವುದನ್ನು ತೀರ್ಮಾನಿಸಿ

ಬಿನ್‌ನಿಂದ ಮೊದಲ ಪೀಸ್ ತೆಗೆದಾಗ. ಕೊನೆಯ ಪೀಸ್ ತೆಗೆದಾಗ ಅಲ್ಲ.

ಖಾಲಿ ಆದಮೇಲೆ ಕಳಚಿದರೆ ಸುದ್ದಿ ಮುಕ್ಕಾಲು ಗಂಟೆ ತಡವಾಗಿ ಹೋಗುತ್ತದೆ, ನೀವು ಹಾಕಿದ ಲೆಕ್ಕದಲ್ಲಿ ಅದು ಇರಲಿಲ್ಲ. ಅಸೆಂಬ್ಲಿಯವರ ಕೈ ಹತ್ತಿರವೇ ಡಬ್ಬಿ ಇಡಿ, ಎದ್ದು ಹೋಗಿ ಹಾಕಬೇಕು ಅಂದರೆ ಕಾರ್ಡ್ ಜೇಬಿಗೆ ಹೋಗುತ್ತದೆ, ಜೇಬಿನಿಂದ ಮನೆಗೆ ಹೋಗುತ್ತದೆ, ಮನೆಯಲ್ಲಿ ಬಟ್ಟೆ ಜೊತೆ ಒಗೆದುಹೋಗುತ್ತದೆ. ತಮಾಷೆ ಅನ್ನಿಸಬಹುದು, ಕಾರ್ಡ್ ಕಳೆಯುವ ದಾರಿ ಬಹುತೇಕ ಇದೇ.

ಕಾರ್ಡ್ ತರುವವರ ಹೆಸರು, ಹೊತ್ತು ಎರಡನ್ನೂ ಬರೆದು ಅಂಟಿಸಿ. "ಯಾರಾದರೂ ತರುತ್ತಾರೆ" ಅಂದರೆ ಯಾರೂ ತರುವುದಿಲ್ಲ.

## ಹಂತ 10: ಶುರು ಮಾಡುವ ದಿನ

ಈಗ ರ‍್ಯಾಕ್‌ನಲ್ಲಿ 320 ಇರಬೇಕು. ನಿಜಕ್ಕೂ ಇರುವುದು 1,500 ಅಂದುಕೊಳ್ಳಿ. ಹೆಚ್ಚಿನ ಬಿನ್‌ಗಳಿಗೆ ಕಾರ್ಡ್ ಹಾಕಬೇಡಿ. ಪಕ್ಕದ ಜಾಗದಲ್ಲಿ ಕೆಂಪು ಟೇಪ್ ಹೊಡೆದು ಇಡಿ. ಅಸೆಂಬ್ಲಿಗೆ ಮೊದಲು ಅದನ್ನೇ ಕೊಡಿ. ಅದು ತೀರುವವರೆಗೆ ಒಂದು ಕಾರ್ಡೂ ಹಿಂದಕ್ಕೆ ಬರುವುದಿಲ್ಲ, ವೆಲ್ಡಿಂಗ್‌ನಲ್ಲಿ ಈ ಪಾರ್ಟ್ ನಡೆಯುವುದಿಲ್ಲ.

ಪದ್ಧತಿ ಸಾಯುವುದು ಈ ದಿನಗಳಲ್ಲೇ. ಮಾತುಕತೆ ಹೀಗಿರುತ್ತದೆ.

"ಸಾರ್, ಕಾರ್ಡ್ ಇಲ್ಲ, ಏನು ಮಾಡ್ಲಿ?"

"ಸುಮ್ನೆ ನಿಲ್ಬೇಡಪ್ಪ, ನಾಳೇದಾದ್ರೂ ಓಡಿಸ್ಕೋ, ಹೇಗಿದ್ರೂ ಬೇಕಾಗುತ್ತಲ್ಲ."

"ಹೇಗಿದ್ರೂ ಬೇಕಾಗುತ್ತೆ" ಅನ್ನುವ ಈ ಒಂದು ಮಾತಿನಿಂದಲೇ ಆ 1,500 ಹುಟ್ಟಿದ್ದು. ಕೆಲಸ ಇಲ್ಲದ ಹೊತ್ತಿಗೆ ಏನು ಮಾಡಬೇಕು ಅನ್ನುವ ಪಟ್ಟಿ ಮೊದಲೇ ಗೋಡೆ ಮೇಲೆ ಇರಲಿ: ಫಿಕ್ಸ್ಚರ್ ಸ್ವಚ್ಛ ಮಾಡುವುದು, ಟಾರ್ಚ್ ಟಿಪ್ ಬದಲಿಸುವುದು, ರಿವರ್ಕ್ ಮುಗಿಸುವುದು, ಪಕ್ಕದ ಬೆಂಚ್ ಕೆಲಸ ಕಲಿಯುವುದು.

ಪೀಸ್ ಲೆಕ್ಕದ ಇನ್ಸೆಂಟಿವ್ ಇದ್ದರೆ ಅದನ್ನು ಈ ದಿನಕ್ಕಿಂತ ಮುಂಚೆ ಬದಲಿಸಿ. ಜಾಸ್ತಿ ಪೀಸ್ ತೆಗೆದರೆ ಜಾಸ್ತಿ ದುಡ್ಡು ಅಂತ ಒಂದು ಕಡೆ, ಕಾರ್ಡ್ ಇಲ್ಲದೆ ಮಾಡಬೇಡಿ ಅಂತ ಇನ್ನೊಂದು ಕಡೆ, ಆಪರೇಟರ್ ಯಾವುದನ್ನು ಕೇಳುತ್ತಾರೆ? ದುಡ್ಡನ್ನೇ. ಅವರ ತಪ್ಪಿಲ್ಲ. ಕೆಂಪಿಗೆ ಹೋಗದೆ ನಡೆದ ಷಿಫ್ಟ್, ರಿಜೆಕ್ಷನ್ ಇಲ್ಲದ ಬಿನ್ ಇಂಥದ್ದಕ್ಕೆ ಇನ್ಸೆಂಟಿವ್ ಕಟ್ಟಿ.

## ಹಂತ 11: ಪ್ರೆಸ್, ಬೋಲ್ಟು, ಹೊರಗಿನ ಜಾಬ್ ವರ್ಕ್

ಮೊದಲ ಲೂಪ್ ಒಂದೆರಡು ತಿಂಗಳು ಸರಿಯಾಗಿ ತಿರುಗಿದ ಮೇಲೆ ಇಲ್ಲಿಗೆ ಬನ್ನಿ.

ಪ್ರೆಸ್‌ನಲ್ಲಿ ಡೈ (ಪಾರ್ಟ್‌ಗೆ ಆಕಾರ ಕೊಡುವ ಅಚ್ಚು) ಕಟ್ಟಲು ಮುಕ್ಕಾಲು ಗಂಟೆ ಬೇಕು ಅಂದರೆ ಒಂದೊಂದು ಬಿನ್‌ಗೆ ಡೈ ಬದಲಿಸಲು ಆಗುವುದಿಲ್ಲ. ಇಲ್ಲಿ ಬಿನ್‌ಗೊಂದು ಕಾರ್ಡ್ ಬಿಟ್ಟು, ಪಾರ್ಟ್‌ಗೆ ಒಂದೇ ಸಿಗ್ನಲ್ ಕಾರ್ಡ್ ಇಡುತ್ತಾರೆ, ಸಾಮಾನ್ಯವಾಗಿ ತ್ರಿಕೋನದ್ದು. ಅದೇ ಬ್ರಾಕೆಟ್‌ನ ಬ್ಲಾಂಕ್ (ವೆಲ್ಡಿಂಗ್‌ಗೆ ಮೊದಲು ಶೀಟ್‌ನಿಂದ ಕತ್ತರಿಸಿದ ತುಂಡು) ಎರಡು ದಿನದ ಬ್ಯಾಚ್ ಅಂದರೆ 1,600 ಪೀಸ್, 40 ಬಿನ್. ಪ್ರೆಸ್‌ನಿಂದ ಮಾಲು ಬರಲು ಒಂದು ಷಿಫ್ಟ್, 8 ಗಂಟೆ ಬೇಕು. ಅಷ್ಟರಲ್ಲಿ 400 ಬಳಕೆ, ಶೇ 20 ಸೇರಿಸಿ 480, ಅಂದರೆ 12 ಬಿನ್. ಉಳಿದ ಬಿನ್ 12ಕ್ಕೆ ಇಳಿಯುವ ಜಾಗದಲ್ಲಿ ತ್ರಿಕೋನ ಸಿಕ್ಕಿಸಿ. ಅಲ್ಲಿಗೆ ಬಂದಾಗ ಅದು ಪ್ರೆಸ್‌ಗೆ ಹೋಗುತ್ತದೆ, ಪ್ರೆಸ್ 40 ಬಿನ್ ಮಾಡುತ್ತದೆ. ಹೊಸ ಬ್ಯಾಚ್ ಬಂದು ಇಳಿದಾಗ ಒಟ್ಟು 42 ಬಿನ್ ಆಸುಪಾಸು. ಡೈ ಬದಲಿಸುವ ಹೊತ್ತನ್ನು ಇಳಿಸಿದಷ್ಟೂ ಬ್ಯಾಚ್ ಚಿಕ್ಕದು ಮಾಡಬಹುದು, ಹಾಗಾಗಿ ಪ್ರೆಸ್ ಶಾಪ್‌ನಲ್ಲಿ ಕಾರ್ಡಿಗಿಂತ ಡೈ ಸೆಟಪ್ ಮೇಲೆ ಬೆವರು ಸುರಿಸುವುದೇ ಲಾಭ.

ಬೋಲ್ಟು, ನಟ್ಟು, ವಾಷರ್‌ಗೆ ಕಾರ್ಡೇ ಬೇಡ. ಎರಡು ಡಬ್ಬಿ ಇಡಿ. ಮನೆಯಲ್ಲಿ ಎರಡು ಗ್ಯಾಸ್ ಸಿಲಿಂಡರ್ ಇಟ್ಟುಕೊಂಡ ಹಾಗೆ, ಒಂದು ಖಾಲಿ ಆದ ಕೂಡಲೇ ಬುಕ್ ಮಾಡಿ ಇನ್ನೊಂದನ್ನು ಬಳಸುವುದು. ಒಂದು ಡಬ್ಬಿಯ ಮಾಲು ಹೊಸದು ಬರುವವರೆಗೆ ಸಾಕಾಗುವಷ್ಟಿರಲಿ, ಸ್ವಲ್ಪ ಮೇಲೆಯೇ ಇರಲಿ.

ಇನ್ನು ಪೀಣ್ಯಕ್ಕೆ ಪ್ಲೇಟಿಂಗ್‌ಗೆ (ಲೋಹದ ಲೇಪ ಹಾಕಿಸಲು) ಕಳಿಸುವ ಪಾರ್ಟ್, ಒಂದು ಪಿನ್ ಅಂದುಕೊಳ್ಳಿ. ಇಲ್ಲಿ ಲೀಡ್ ಟೈಮನ್ನು ಗಾಡಿ ಟ್ರಿಪ್‌ನಲ್ಲಿ ಎಣಿಸಬೇಕು. ಸಪ್ಲೈಯರ್ ಕಾನ್‌ಬಾನ್ ಮೇಲೆ ಮೂರು ಅಂಕಿ ಬರೆಯುವ ಪದ್ಧತಿ ಇದೆ: 1-1-2 ಅಂದರೆ ಒಂದು ದಿನಕ್ಕೆ, ಒಂದು ಟ್ರಿಪ್, ಕಾರ್ಡ್ ಕೊಟ್ಟು ಎರಡು ಟ್ರಿಪ್ ಆದಮೇಲೆ ಮಾಲು. ಕಾರ್ಡ್ ಗಾಡಿಗಾಗಿ ಕಾಯುವ ಒಂದು ದಿನವೂ ಸೇರಿ ಮೂರು ದಿನ. ದಿನಕ್ಕೆ 800 ಪಿನ್ ಬಳಕೆ, ಮೂರು ದಿನಕ್ಕೆ 2,400, ಶೇ 15 ಸೇರಿ 2,760. ಬಿನ್‌ಗೆ 200 ಅಂದರೆ 14 ಕಾರ್ಡ್. ಗಾಡಿ ದಿನಕ್ಕೆ ಎರಡು ಸಲ ಹೋದರೆ 1-2-4, ಲೀಡ್ ಟೈಮ್ ಎರಡೂವರೆ ದಿನ, 12 ಕಾರ್ಡ್ ಸಾಕು. ಎರಡು ಕಾರ್ಡ್ ಉಳಿಸಲು ಇನ್ನೊಂದು ಟ್ರಿಪ್ ಡೀಸೆಲ್ ಸುಡಬೇಕಾ? ನನ್ನ ಪ್ರಕಾರ ಬೇಡ. ಲೆಕ್ಕ ಹಾಕಿ ನೋಡಿ ತೀರ್ಮಾನಿಸಿ, ಸ್ಟಾಕ್ ಇಳಿಸುವುದೇ ಗುರಿ ಅಂತ ಕಣ್ಣುಮುಚ್ಚಿ ಓಡಬೇಡಿ. ಅದೇ ಗಾಡಿಯಲ್ಲಿ ಇನ್ನೂ ನಾಲ್ಕು ಪಾರ್ಟ್ ಹೋಗುವುದಿದ್ದರೆ ಲೆಕ್ಕ ಬೇರೆಯಾಗಬಹುದು.

ಹೊರಗೆ ಹೋಗುವ ಕಾರ್ಡ್ ನಂಬರ್‌ಗಳನ್ನು ಡೆಲಿವರಿ ಚಲನ್ ಮೇಲೆ ಬರೆದು ಕಳಿಸಿ. ಪ್ಲೇಟಿಂಗ್‌ನವರು ಬಿನ್ ಬದಲಿಸಿ ಚೀಲದಲ್ಲಿ ವಾಪಸ್ ಕಳಿಸುವುದು ಸಾಮಾನ್ಯ, ಅದನ್ನು ಮೊದಲ ಸಲವೇ ಒಪ್ಪಬೇಡಿ.

## ಅಪಾಯದ ಗುರುತುಗಳು

ಪ್ರತಿದಿನ ಷಿಫ್ಟ್ ಶುರುವಿಗೆ ಐದು ನಿಮಿಷ ಬೋರ್ಡ್ ಮುಂದೆ ನಿಂತರೆ ಇವು ಕಾಣುತ್ತವೆ.

ಒಂದು ಪಾರ್ಟ್‌ನ ಕಾರ್ಡ್ ಎರಡು ದಿನದಿಂದ ಅಲ್ಲಾಡಿಲ್ಲ: ಅಸೆಂಬ್ಲಿ ಆ ಮಾಡೆಲ್ ನಿಲ್ಲಿಸಿದೆ, ಇಲ್ಲವೇ ಯಾರೋ ಕಾರ್ಡ್ ಇಲ್ಲದೆ ಮಾಲು ಕೊಡುತ್ತಿದ್ದಾರೆ.

ಒಂದೇ ಪಾರ್ಟ್ ದಿನಾ ಕೆಂಪಿಗೆ ಹೋಗುತ್ತಿದೆ: ತಕ್ಷಣ ಕಾರ್ಡ್ ಸೇರಿಸಬೇಡಿ. ಮೊದಲು ಎಂಟೂ ಕಾರ್ಡ್ ಇವೆಯಾ ಎಣಿಸಿ. ಎರಡು ಕಳೆದುಹೋಗಿದ್ದರೆ ಅದೇ ಕಾರಣ. ಎಲ್ಲ ಇದ್ದರೆ ಲೀಡ್ ಟೈಮ್ ಮತ್ತೆ ಅಳೆಯಿರಿ.

ಬಿನ್ ಇದೆ, ಕಾರ್ಡ್ ಇಲ್ಲ: ಕಾರ್ಡ್ ಇಲ್ಲದೆ ಯಾರೋ ಮಾಡಿದ್ದಾರೆ. ಕಾರ್ಡ್ ಇದೆ, ಬಿನ್‌ನಲ್ಲಿ ಅರ್ಧ ಮಾಲು: ಷಿಫ್ಟ್ ಮುಗಿಸುವ ಅವಸರದಲ್ಲಿ ಇಟ್ಟು ಹೋಗಿದ್ದಾರೆ.

ಸೂಪರ್‌ವೈಸರ್ ಫೋನ್‌ಗೆ "ಅರ್ಜೆಂಟ್" ಅಂತ ವಾಟ್ಸಾಪ್ ಬರುವುದು ಜಾಸ್ತಿಯಾಗಿದೆ: ಇದು ಎಲ್ಲಕ್ಕಿಂತ ಕೆಟ್ಟದ್ದು. ಬೋರ್ಡ್ ಒಂದು ಹೇಳುತ್ತದೆ, ಫೋನ್ ಇನ್ನೊಂದು ಹೇಳುತ್ತದೆ, ಆಪರೇಟರ್ ಫೋನ್ ಮಾತನ್ನೇ ಕೇಳುತ್ತಾರೆ. ಪ್ಲಾನಿಂಗ್‌ನವರಿಗೆ ಈ ಲೂಪ್‌ನ ದಿನದ ಶೆಡ್ಯೂಲನ್ನು ವೆಲ್ಡಿಂಗ್‌ಗೆ ಕಳಿಸುವುದನ್ನೇ ನಿಲ್ಲಿಸಿ ಅಂತ ಹೇಳಿ. ಶೆಡ್ಯೂಲ್ ಅಸೆಂಬ್ಲಿಗೆ ಮಾತ್ರ ಹೋಗಲಿ.

ವಾರಕ್ಕೊಮ್ಮೆ, ಶನಿವಾರ ಅನ್ನಿ, ಕಾರ್ಡ್ ಎಣಿಸುವುದನ್ನು ಬಿಡಬೇಡಿ. ಹತ್ತು ನಿಮಿಷದ ಕೆಲಸ.

## ಹಂತ 12: ಕಾರ್ಡ್ ಇಳಿಸುವುದು, ಏರಿಸುವುದು

ಮೂರ್ನಾಲ್ಕು ವಾರ ಕೆಂಪು ಮುಟ್ಟದೆ ನಡೆದರೆ ಒಂದು ಕಾರ್ಡ್ ತೆಗೆದು ಡ್ರಾಯರ್‌ಗೆ ಹಾಕಿ. ಎಂಟು ಏಳಾಯಿತು. ಬೋರ್ಡ್ ಮೇಲೂ ಕೊನೆಯ ಮೊಳೆ ಮುಚ್ಚಿ, ಕೆಂಪು ಈಗ 5ರಿಂದ ಶುರು. ಏನಾದರೂ ತೊಂದರೆ ಎದ್ದರೆ, ಉದಾಹರಣೆಗೆ ಫಿಕ್ಸ್ಚರ್ ಕ್ಲಾಂಪ್ ಸವೆದು ದಿನಾ ಇಪ್ಪತ್ತು ನಿಮಿಷ ಹೋಗುತ್ತಿದೆ ಅಂತ ಗೊತ್ತಾದರೆ, ಕಾರ್ಡ್ ತೆಗೆದದ್ದಕ್ಕೆ ಅದು ಕಾಣಿಸಿತು. ಕ್ಲಾಂಪ್ ಸರಿ ಮಾಡಿಸಿ. ಕಾರ್ಡ್ ವಾಪಸ್ ಹಾಕಿ ಕ್ಲಾಂಪ್ ಮರೆತರೆ ಇಷ್ಟೆಲ್ಲ ಮಾಡಿದ್ದು ದಂಡ.

ಏರಿಸಬೇಕಾದ ಸಂದರ್ಭವೂ ಇದೆ. ಯುಗಾದಿ, ಗೌರಿ-ಗಣೇಶ, ಆಯುಧಪೂಜೆ, ಶಿವರಾತ್ರಿ ಹೊತ್ತಿನ ಸಿದ್ಧಗಂಗಾ ಜಾತ್ರೆ ಬಂತೆಂದರೆ ಹಾಜರಿ ಇಳಿಯುತ್ತದೆ. ಹಬ್ಬಕ್ಕೆ ಒಂದು ವಾರ ಮೊದಲು ಬೇರೆ ಬಣ್ಣದ ತಾತ್ಕಾಲಿಕ ಕಾರ್ಡ್ ಬಿಡಿ, ಅದರ ಮೇಲೆ ಮುಗಿಯುವ ತಾರೀಖು ದೊಡ್ಡದಾಗಿ ಬರೆಯಿರಿ. ಆ ತಾರೀಖು ದಾಟಿದ ಮೇಲೆ ಡಬ್ಬಿಗೆ ಬಂದ ಕೂಡಲೇ ಅದನ್ನು ತೆಗೆದುಬಿಡಬೇಕು. ತಾರೀಖು ಬರೆಯದಿದ್ದರೆ ಆಯುಧಪೂಜೆಯ ಕಾರ್ಡ್ ಮುಂದಿನ ಯುಗಾದಿಗೂ ತಿರುಗುತ್ತಿರುತ್ತದೆ.

ಕಸ್ಟಮರ್ ಶೆಡ್ಯೂಲ್ ಶೇ 10ರಷ್ಟು ಆಚೀಚೆ ಆದರೆ ಕಾರ್ಡ್ ಮುಟ್ಟಬೇಡಿ, ಕಾರ್ಡ್ ಸ್ವಲ್ಪ ಬೇಗ ಅಥವಾ ನಿಧಾನವಾಗಿ ತಿರುಗುತ್ತದೆ ಅಷ್ಟೇ. ಅದಕ್ಕಿಂತ ಜಾಸ್ತಿ ಬದಲಾದರೆ, ಅಥವಾ ಷಿಫ್ಟ್ ಎರಡರಿಂದ ಮೂರಾದರೆ, ಐದನೇ ಹಂತದ ಲೆಕ್ಕ ಮತ್ತೆ ಹಾಕಿ. ಇದನ್ನು ತಿಂಗಳಿಗೊಮ್ಮೆ ಯಾರು ನೋಡುತ್ತಾರೆ ಅಂತ ಒಬ್ಬರ ಹೆಸರಿಗೆ ಬರೆಯಿರಿ.

ಎರಡನೇ ಲೂಪ್ ಯಾವಾಗ? ಮೊದಲ ಲೂಪ್‌ನಲ್ಲಿ ನೀವು ಊರಲ್ಲಿಲ್ಲದ ವಾರದಲ್ಲೂ ಕಾರ್ಡ್ ಎಣಿಕೆ ಸರಿ ಬಂದಾಗ. ಆಗ ವೆಲ್ಡಿಂಗ್‌ನಿಂದ ಒಂದು ಹೆಜ್ಜೆ ಹಿಂದಕ್ಕೆ, ಪ್ರೆಸ್‌ಗೆ ಹೋಗಿ, ನೋಟ್‌ಬುಕ್ ತೆಗೆದು ನಾಲ್ಕನೇ ಹಂತದಿಂದ ಶುರು ಮಾಡಿ. ಸಾಫ್ಟ್‌ವೇರ್ ಮಾರುವವರು ಬಂದರೆ ಮೂರು ಲೂಪ್ ಕಾಗದದ ಕಾರ್ಡ್‌ನಲ್ಲಿ ಓಡಿದ ಮೇಲೆ ಬನ್ನಿ ಅಂತ ಕಾಫಿ ಕೊಟ್ಟು ಕಳಿಸಿ.